ಅಟ್ಟದಿಂದ ಇಳಿದ ಸಾಮಾನು: ಗೂಂಜ್ ಸಂಸ್ಥೆಗೆ ಕೊಟ್ಟ ಅನುಭವ

ಬೆಂಗಳೂರಿನಲ್ಲಿ ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಮೂರು ಕೋಣೆಯ ಮನೆಯನ್ನು ಬಿಟ್ಟು, ನಾನು ಮತ್ತು ನಮ್ಮ ಯಜಮಾನರು ಒಂದೇ ಕೋಣೆಯ ಫ್ಲ್ಯಾಟಿಗೆ ಬಂದು ಒಂದು ವರ್ಷವಾಯಿತು. ಹೊರಡುವ ಮುನ್ನ ಅಟ್ಟದಿಂದ ಸಾಮಾನು ಇಳಿಸಿದಾಗ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಸರು ಕೆತ್ತಿಸಿದ ಸ್ಟೀಲ್ ಪಾತ್ರೆಗಳು, ಮದುವೆಯ ಉಡುಗೊರೆಯಾಗಿ ಬಂದು ಡಬ್ಬದಿಂದ ಹೊರಬಾರದ ಲೆಮನ್ ಸೆಟ್‌ಗಳು, ಮಕ್ಕಳ ಸ್ಕೂಲ್ ಬ್ಯಾಗ್‌ಗಳು ಎಲ್ಲವೂ ಅಲ್ಲಿದ್ದವು. ನನ್ನನ್ನು ಹೆಚ್ಚು ಕಂಗೆಡಿಸಿದ್ದು ಟ್ರಂಕಿನ ತುಂಬ ಇದ್ದ ರವಿಕೆ ಕಣಗಳು. ಅರಿಸಿನ ಕುಂಕುಮಕ್ಕೆ ಹೋದಲ್ಲೆಲ್ಲ ತಾಂಬೂಲದ ಜೊತೆ ಕೊಟ್ಟ ಅವುಗಳನ್ನು ಹೊಲಿಸಲು ಅಳತೆ ಸಾಲದು, ಬಿಸಾಡಲು ಮನಸ್ಸು ಬಾರದು, ಮತ್ತೊಬ್ಬರಿಗೆ ದಾಟಿಸಿದರೆ ಅವರ ಟ್ರಂಕ್ ತುಂಬುತ್ತದೆ. ಎಣಿಸಿದಾಗ 143 ಇದ್ದವು. ಕೆಲವುಗಳ ಮಡಿಕೆಯಲ್ಲಿ ಒಣಗಿದ ಅರಿಸಿನದ ಕಲೆ ಹಾಗೆಯೇ ಇತ್ತು.

ಹಿಂದೊಮ್ಮೆ ಬೇರೊಂದು ಕಡೆಗೆ ಎರಡು ಮೂಟೆ ಬಟ್ಟೆ ಕೊಟ್ಟು, ತಿಂಗಳುಗಳ ನಂತರ ಅದೇ ಮೂಟೆಗಳು ಅವರ ಹಿತ್ತಲಿನಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದಿದ್ದನ್ನು ಕಂಡಿದ್ದೆ. ಆದ್ದರಿಂದ ಈ ಸಲ, ಕೊಟ್ಟದ್ದು ಬಳಕೆಗೆ ಬರುತ್ತದೆಯೇ ಎಂಬುದನ್ನು ವಿಚಾರಿಸದೆ ಕೊಡಬಾರದೆಂದು ನಿಶ್ಚಯಿಸಿದ್ದೆ. ಗೂಂಜ್ ಅನ್ನು ಆರಿಸಿದ್ದಕ್ಕೆ ಅದೇ ಕಾರಣ. ಅಂಶು ಗುಪ್ತಾ ಅವರು 1999ರಲ್ಲಿ ದೆಹಲಿಯಲ್ಲಿ ಆರಂಭಿಸಿದ ಈ ಸಂಸ್ಥೆ ಬೆಂಗಳೂರಿನಲ್ಲೂ ಸಾಮಾನು ಸಂಗ್ರಹಿಸುತ್ತದೆ; ಈ ಕೆಲಸಕ್ಕಾಗಿ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ನಗರದವರು ಬಳಸದೆ ಉಳಿಸಿದ್ದನ್ನು ಇವರು ಹಳ್ಳಿಗಳಲ್ಲಿ ದಾನವೆಂದು ಹಂಚುವುದಿಲ್ಲ. ಊರಿನವರು ತಮಗೆ ಬೇಕಾದ ಕೆಲಸವನ್ನು ತಾವೇ ಗೊತ್ತುಮಾಡಿಕೊಂಡು, ಬಾವಿ ತೋಡಿ, ಕೆರೆಯ ಹೂಳೆತ್ತಿ, ಹಾದಿ ಸರಿಪಡಿಸಿ, ಆ ದುಡಿಮೆಗೆ ಪ್ರತಿಯಾಗಿ ಬಟ್ಟೆ, ಪಾತ್ರೆಗಳನ್ನು ಪಡೆಯುತ್ತಾರೆ. ತೆಗೆದುಕೊಳ್ಳುವವರ ಮಾನವನ್ನು ಇಷ್ಟು ಜೋಪಾನವಾಗಿ ಕಾಯುವ ಈ ಕ್ರಮ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಹಳೆಯ ಹತ್ತಿ ಬಟ್ಟೆಯನ್ನು ಶುಚಿಗೊಳಿಸಿ, ಮುಟ್ಟಿನ ದಿನಗಳಿಗೆ ಬೇಕಾದ ಪ್ಯಾಡ್‌ಗಳನ್ನೂ ಮಾಡುತ್ತಾರೆ. ನಮ್ಮ ಸವೆದ ಬೆಡ್‌ಶೀಟುಗಳನ್ನು ಕೊಡಲು ನಾನು ಸಂಕೋಚಪಡದಿದ್ದುದು ಇದು ತಿಳಿದ ಮೇಲೆಯೇ.

ಕೊಡುವವರು ಸ್ವಲ್ಪ ಶ್ರಮಪಡಬೇಕು. ಬಟ್ಟೆಗಳನ್ನು ಒಗೆದು ಒಣಗಿಸಿ, ಕಿತ್ತ ಗುಂಡಿಗಳನ್ನು ಹಾಕಿ, ಗಂಡಸರದು, ಹೆಂಗಸರದು, ಮಕ್ಕಳದು ಎಂದು ಬೇರೆ ಬೇರೆ ಕಟ್ಟಿ, ಮೂರು ಸಲ ಆಟೋದಲ್ಲಿ ನಾವೇ ಒಯ್ದೆವು. ವಿಂಗಡಿಸುವುದಕ್ಕೂ ಸಾಗಿಸುವುದಕ್ಕೂ ಖರ್ಚಿರುವುದರಿಂದ ಸಾಮಾನಿನ ಜೊತೆ ಒಂದಿಷ್ಟು ಹಣವನ್ನೂ ಕೊಡುವುದು ನ್ಯಾಯವೆಂದು ನನ್ನ ಅಭಿಪ್ರಾಯ. ಮಂಚ, ಬೀರುಗಳನ್ನು ನೆಂಟರು ಒಯ್ದರು. ಹಳೆಯ ಪತ್ರಿಕೆಗಳು ರದ್ದಿಗೆ ಹೋದವು. ಹದಿನೈದು ಜನಕ್ಕೆ ಸಾರು ಮಾಡುವ, ಅತ್ತೆಯವರ ಹೆಸರಿದ್ದ ಪಾತ್ರೆಯನ್ನು ಎರಡು ಸಲ ಮೂಟೆಯಿಂದ ಹೊರತೆಗೆದಿದ್ದೆ. ಮೂರನೆಯ ಸಲ, ಅದರಲ್ಲಿ ಮತ್ತೆ ಅಡುಗೆ ಬೇಯಲಿ ಎಂದು ಹುಣಿಸೆಹಣ್ಣು ಹಚ್ಚಿ ತಿಕ್ಕಿ ತೊಳೆದು ಕೊಟ್ಟೆ. ಅತ್ತೆಯವರ ಒಂದು ಇಳಕಲ್ ಸೀರೆಯನ್ನು ಮಾತ್ರ ಇಟ್ಟುಕೊಂಡಿದ್ದೇನೆ.

ಈಗ ಮನೆಯಲ್ಲಿ ಅಟ್ಟವೇ ಇಲ್ಲ. ಕಸ ಗುಡಿಸಿ ನೆಲ ಒರೆಸಲು ಅರ್ಧ ಗಂಟೆ ಸಾಕು, ಹುಡುಕಿದ ವಸ್ತು ಕೈಗೆ ಸಿಗುತ್ತದೆ, ಧೂಳಿಗೆ ಬರುತ್ತಿದ್ದ ಯಜಮಾನರ ಸೀನು ಕಡಿಮೆಯಾಗಿದೆ. ಮೊದಲು ಭಾನುವಾರವೆಂದರೆ ಬೀರು ಜೋಡಿಸುವ ದಿನವಾಗಿತ್ತು. ಈಗ ಇಬ್ಬರೂ ಬೆಳಗಿನ ಕಾಫಿಯನ್ನು ಆರುವ ಮೊದಲೇ ಕುಳಿತು ಕುಡಿಯುತ್ತೇವೆ. ಮನೆ ಚಿಕ್ಕದು ಮಾಡಿಕೊಳ್ಳುವವರಿಗೆ, ಕೊಡಲು ಮನಸ್ಸಿದ್ದೂ ಎಲ್ಲಿ ಕೊಡಬೇಕೆಂದು ತೋಚದವರಿಗೆ ಗೂಂಜ್ ಅನ್ನು ಧೈರ್ಯವಾಗಿ ಹೇಳುತ್ತೇನೆ. ಈ ಸಲದ ಗೌರಿ ಹಬ್ಬಕ್ಕೆ ಬಂದ ಮುತ್ತೈದೆಯರಿಗೆ ನಾನು ರವಿಕೆ ಕಣ ಕೊಡಲಿಲ್ಲ; ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿಯ ಜೊತೆ ಒಂದು ಮೊಳ ಹೂವು ಕೊಟ್ಟೆ. ಎಲ್ಲರೂ ಅಲ್ಲಿಯೇ ಮುಡಿದುಕೊಂಡು ಹೋದರು.