ಅಂಡಮಾನಿನಿಂದ ಶಂಖ ತರುವ ಮುನ್ನ

ಶಂಖದಿಂದ ಬಂದರೇ ತೀರ್ಥ ಎನ್ನುತ್ತಾರೆ. ನನಗೆ ಶಂಖದಿಂದ ಬಂದದ್ದು ಅರಣ್ಯ ಇಲಾಖೆಯ ನೋಟಿಸ್.

ಪೋರ್ಟ್ ಬ್ಲೇರಿನ ಹೊರವಲಯದಲ್ಲಿ ಟಾರ್ಪಾಲು ಕಟ್ಟಿಕೊಂಡು ಕುಳಿತಿದ್ದ ಒಬ್ಬಾತ ಮುತ್ತಿನ ಸರಗಳನ್ನು ಸರಿಸಿ, ಬುಟ್ಟಿಯ ತಳದಿಂದ ಅದನ್ನು ಹೊರತೆಗೆದ. ತಳದಿಂದ ತೆಗೆದಾಗಲೇ ನನಗೆ ಅನುಮಾನ ಬರಬೇಕಿತ್ತು. ಮೊಳಕ್ಕೆ ನಾಲ್ಕು ಬೆರಳು ಕಡಿಮೆ ಉದ್ದ. ಮೈತುಂಬ ಕೌಜುಗದ ರೆಕ್ಕೆಯಂಥ ಕಂದು ಚಿತ್ತಾರ, ಬಾಯಿಯೊಳಗೆ ಕಿತ್ತಳೆ ಬಣ್ಣ. "ತಾನಾಗಿ ದಡಕ್ಕೆ ಬಂದದ್ದು ಸಾರ್" ಎಂದ. ಅಮ್ಮನ ದೇವರ ಮನೆಗಾಯಿತು ಎಂದು ಎರಡೂವರೆ ಸಾವಿರ ಕೊಟ್ಟೆ.

ಅವನ ಸುಳ್ಳನ್ನು ಹಿಡಿದದ್ದು ಇರುವೆಗಳು. ರಾತ್ರಿ ಹೋಟೆಲಿನಲ್ಲಿ ನನ್ನ ಚೀಲದತ್ತ ಸಾಲುಗಟ್ಟಿದ್ದವು. ಸುರುಳಿಯ ಆಳದಿಂದ ಕೊಳೆತ ಮಾಂಸದ ನಾತ. ದಡಕ್ಕೆ ಬಿದ್ದ ಚಿಪ್ಪು ಬಿಸಿಲು, ಮರಳಿಗೆ ಸವೆದು ಬಣ್ಣಗೆಟ್ಟಿರುತ್ತದೆ. ಇದನ್ನು ಜೀವಂತ ಹಿಡಿದು ಕೊಂದಿದ್ದರು. ಗೊತ್ತಾದರೂ ಟವೆಲಿನಲ್ಲಿ ಸುತ್ತಿಟ್ಟೆ. ದುಡ್ಡು ಕೊಟ್ಟಾಗಿತ್ತಲ್ಲ.

ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಸುರುಳಿ ಎದ್ದು ಕಂಡಿತು. ಅರಣ್ಯಾಧಿಕಾರಿ ಬಂದು ಮಹಜರು ಬರೆಸುತ್ತಾ "ಕರೋನಿಯಾ ಟ್ರೈಟೋನಿಸ್" ಎಂದಾಗ ನನ್ನ ಹೆಂಡತಿ ಮಾಸ್ಕ್ ಹುಡುಕಿದಳು. ಇದೇ ಟ್ರೈಟನ್ ಶಂಖ. 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ, ಅಂದರೆ ಹುಲಿಯಿರುವ ಪಟ್ಟಿಗೇ, ಸೇರಿದೆ. ತಪ್ಪು ಸಾಬೀತಾದರೆ 3ರಿಂದ 7 ವರ್ಷ ಜೈಲು. ಬರೀ ಚಿಪ್ಪಲ್ಲವೇ ಎಂದೆ. "ಹುಲಿಚರ್ಮ ಕೊಂಡವರೂ ಬರೀ ಚರ್ಮ ಎನ್ನುತ್ತಾರೆ" ಎಂದರು. ಹವಳವನ್ನು ತಿಂದು ಬೋಳಿಸುವ ಮುಳ್ಳುಕಿರೀಟದ ನಕ್ಷತ್ರಮೀನನ್ನು ಬೇಟೆಯಾಡುವ ಕೆಲವೇ ಜೀವಿಗಳಲ್ಲಿ ಇದೂ ಒಂದಂತೆ. ಹಿಂದಿನ ದಿನವಷ್ಟೇ ಗಾಜಿನ ತಳದ ದೋಣಿಯಲ್ಲಿ ಕುಳಿತು ಆ ಹವಳವನ್ನೇ ನೋಡಿ ಮೈಮರೆತಿದ್ದೆ.

ಕೊಂಬುಗಳಿರುವ ದಪ್ಪ ಹೆಲ್ಮೆಟ್ ಶಂಖವೂ ಅದೇ ಪಟ್ಟಿಯಲ್ಲಿದೆ. ಇವೆರಡನ್ನು ಯಾರು ಎಂಥ ಬಿಲ್ ಕೊಟ್ಟರೂ ಮುಟ್ಟಬೇಡಿ. ಬೇರೆ ಚಿಪ್ಪುಗಳನ್ನೂ ಪರವಾನಗಿಯಿರುವ ಅಂಗಡಿಯ ಬಿಲ್ ಇಲ್ಲದೆ ಕೊಳ್ಳಬೇಡಿ, ದಡದಲ್ಲಿ ಹೆಕ್ಕಲೂ ಬೇಡಿ. ಪೂಜೆಯ ಶಂಖ ಬೇರೆಯದೇ ಜಾತಿ, ಅಚ್ಚ ಬಿಳಿ. ಫೋಟೊ ನೋಡಿದ ಅಮ್ಮ ಕೇಳಿದ್ದೂ ಅದನ್ನೇ: "ಇದೇನೋ, ಹೆಬ್ಬಾವಿನ ಹಾಗೆ ಮಚ್ಚೆ?"

ವಿಮಾನ ತಪ್ಪಿತು. ಪ್ರಕರಣ ಇನ್ನೂ ಮುಗಿದಿಲ್ಲ. ಮಾರಿದವನನ್ನು ಹುಡುಕಿಕೊಂಡು ವಕೀಲರು ಹೋದರೆ, ಟಾರ್ಪಾಲು ಕಟ್ಟಿದ್ದ ಜಾಗದಲ್ಲಿ ಈಗ ಎಳನೀರು ಮಾರುತ್ತಿದ್ದಾರಂತೆ.