ಪೈಲಟ್ ಟ್ರೈನಿಂಗ್‌ಗೆ ಪೂರ್ತಿ ದುಡ್ಡು ಮುಂಗಡ ಕಟ್ಟಬೇಡಿ

ಕಳೆದ ಭಾನುವಾರ ನಮ್ಮ ಹಳೇ ಮನೆಯ ಪಕ್ಕದ ಆಂಟಿ ಫೋನ್ ಮಾಡಿದ್ದರು. ಮಗನಿಗೆ ಪಿಯುಸಿ ಮುಗೀತು, ಪೈಲಟ್ ಆಗ್ತೀನಿ ಅಂತ ಕೂತಿದ್ದಾನೆ, ಬರೋ ಶನಿವಾರದೊಳಗೆ 15 ಲಕ್ಷ ಕಟ್ಟಿದ್ರೆ ಒಟ್ಟು ಫೀಸಲ್ಲಿ 3 ಲಕ್ಷ ಬಿಡ್ತಾರಂತೆ, ನೀನೂ ಅದನ್ನೇ ಮಾಡಿದ್ದಲ್ವಾ, ಕಟ್ಟಬಹುದಾ ಅಂದರು. ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ನಾಲ್ಕು ವರ್ಷದ ಹಿಂದೆ ನನ್ನಪ್ಪನಿಗೂ ನಾನು ಸೇರಿದ ಫ್ಲೈಯಿಂಗ್ ಶಾಲೆಯವರು ಇದೇ ಮಾತು ಹೇಳಿದ್ದರು. ಅದೇ 3 ಲಕ್ಷ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ರಾಜಾಜಿನಗರದವಳು. ಅಪ್ಪ ಬಿಎಂಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಚಿಕ್ಕವಳಿದ್ದಾಗ ಬಳ್ಳಾರಿ ರಸ್ತೆಯಲ್ಲಿ ಹೋಗುವಾಗ ಜಕ್ಕೂರು ಏರೋಡ್ರೋಮ್ ಬಂದ ತಕ್ಷಣ ಸ್ಕೂಟರ್ ನಿಲ್ಲಿಸು ಅಂತ ಹಠ ಹಿಡಿಯುತ್ತಿದ್ದೆ. ಒಂದು ಪುಟ್ಟ ವಿಮಾನವಾದರೂ ಇಳಿಯೋದು ನೋಡಬೇಕು, ಆಮೇಲೇ ಮುಂದಕ್ಕೆ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ತೆಗೆದುಕೊಂಡಿದ್ದೂ ಇದಕ್ಕೇ.

ನಾನು ಸೇರಿದ ಶಾಲೆ ಇದ್ದದ್ದು ಬೇರೆ ರಾಜ್ಯದಲ್ಲಿ. ಅಡ್ಮಿಷನ್ ಆಫೀಸ್ ಮಾತ್ರ ನಮ್ಮ ಬೆಂಗಳೂರಲ್ಲಿ. ಎಸಿ ರೂಮು, ಮೇಜಿನ ಮೇಲೆ ವಿಮಾನದ ಗೊಂಬೆ, ಗೋಡೆ ತುಂಬಾ ಬಿಳಿ ಯೂನಿಫಾರ್ಮಿನ ಫೋಟೋಗಳು. 200 ಗಂಟೆ ಹಾರಾಟ, ಹಾಸ್ಟೆಲ್, ಎಲ್ಲಾ ಸೇರಿ 42 ಲಕ್ಷ, 14 ತಿಂಗಳಲ್ಲಿ ಕೈಗೆ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಅಂದರು. ಬ್ಯಾಂಕಿನಲ್ಲಿ ಸಾಲ ಕೇಳಿದರೆ ಏಳೂವರೆ ಲಕ್ಷದ ಮೇಲಾದರೆ ಅಡಮಾನ ಬೇಕು ಅಂದರು. ಹೇಗಿದ್ದರೂ ಅಡ ಇಡೋದು ಆ ಸೈಟನ್ನೇ ಅಲ್ವಾ, ಬಡ್ಡಿ ಯಾಕೆ ಕಟ್ಟೋಣ ಅಂತ ಅಪ್ಪ ನೆಲಮಂಗಲದ ಹತ್ತಿರವಿದ್ದ 30x40 ಅಡಿಯ ಸೈಟ್ ಮಾರಿಬಿಟ್ಟರು. ಅದಕ್ಕೆ ಪಿಎಫ್ ದುಡ್ಡು ಸೇರಿಸಿ ನಾಲ್ಕು ತಿಂಗಳಲ್ಲಿ 32 ಲಕ್ಷ ಕಟ್ಟಿದೆವು. ಅಷ್ಟು ಕಟ್ಟುವಾಗ ನಾನಿನ್ನೂ ಒಂದು ಸಲವೂ ವಿಮಾನ ಹತ್ತಿರಲಿಲ್ಲ.

ಐದನೇ ತಿಂಗಳು ಅಪ್ಪ ನನ್ನನ್ನು ನೋಡಲು ಅಲ್ಲಿಗೆ ಬಂದರು. ಏಳು ವಿಮಾನ ಇವೆ ಅಂತ ಬ್ರೋಷರಿನಲ್ಲಿತ್ತು. ಏಳೂ ಸಾಲಾಗಿ ನಿಂತಿದ್ದವು, ಸುಳ್ಳಲ್ಲ. ಅಪ್ಪ ಬೇಲಿ ಪಕ್ಕದಲ್ಲೇ ನಡೆದುಕೊಂಡು ಹೋಗಿ ಒಂದೊಂದರ ಮುಂದೆಯೂ ನಿಂತರು. ಒಂದರ ಪ್ರೊಪೆಲ್ಲರೇ ಇರಲಿಲ್ಲ. ಇನ್ನೊಂದರ ಎಂಜಿನ್ ಜಾಗದಲ್ಲಿ ಟಾರ್ಪಾಲಿನ್ ಕಟ್ಟಿದ್ದರು. ಮೂರು ವಿಮಾನಗಳ ಟೈರು ನೆಲಕ್ಕೆ ಅಂಟಿ ಚಪ್ಪಟೆಯಾಗಿತ್ತು, ಸುತ್ತ ಮೊಣಕಾಲುದ್ದ ಹುಲ್ಲು. ಆ ಹುಲ್ಲು ತೋರಿಸಿ, 'ಪುಟ್ಟೀ, ಈ ಗಾಡಿಗಳು ಜಾಗ ಬಿಟ್ಟು ಕದಲಿ ಒಂದು ಮಳೆಗಾಲ ಆಗಿದೆ ಕಣೇ' ಅಂದರು. ಮೂವತ್ತು ವರ್ಷ ಡಿಪೋದಲ್ಲಿ ಕೆಟ್ಟು ನಿಂತ ಬಸ್ ನೋಡಿದವರು. ದುಡ್ಡು ಕಟ್ಟುವ ಮುಂಚೆ ಅವರನ್ನು ಒಂದು ಸಲ ಅಲ್ಲಿಗೆ ಕರೆದುಕೊಂಡು ಹೋಗಿದ್ದರೆ ಸಾಕಿತ್ತು. ನಾನೇ ಬೇಡ ಅಂದಿದ್ದೆ. ಸೀಟು ಹೋಗಿಬಿಡುತ್ತದೆ ಅನ್ನುವ ಅವಸರ ನನಗೆ.

ಈಗ ಲೆಕ್ಕ ನೋಡಿ. ಹಾರುತ್ತಿದ್ದದ್ದು ಎರಡು ವಿಮಾನ, ಟ್ರೈನಿಗಳು 60 ಜನ. ಒಂದು ವಿಮಾನ ದಿನಕ್ಕೆ 5 ಗಂಟೆ ಹಾರಿದರೂ ಎರಡಕ್ಕೂ ಸೇರಿ 10 ಗಂಟೆ, ಅಂದರೆ ಒಬ್ಬರಿಗೆ ಆರು ದಿನಕ್ಕೊಂದು ಗಂಟೆ. ಹಾಗೆ 200 ಗಂಟೆ ಮುಗಿಯಲು 1200 ದಿನ ಬೇಕು. ಮೂರು ವರ್ಷಕ್ಕೂ ಜಾಸ್ತಿ! ಇದರಲ್ಲಿ ಮಳೆ, ಮಂಜು, ಇನ್‌ಸ್ಟ್ರಕ್ಟರ್ ರಜೆ ಯಾವುದೂ ಸೇರಿಲ್ಲ. ಪ್ರತಿ 50 ಗಂಟೆಗೆ, 100 ಗಂಟೆಗೆ ವಿಮಾನ ತಪಾಸಣೆಗೆ ನಿಲ್ಲಬೇಕು, ಅದೂ ಸೇರಿಲ್ಲ. ಅವು ಸೆಸ್ನಾ 152. ಅದರ ತಯಾರಿಕೆ ನಿಂತಿದ್ದೇ 1985ರಲ್ಲಿ. ಚೆನ್ನಾಗಿ ನೋಡಿಕೊಂಡರೆ ಈಗಲೂ ಒಳ್ಳೆಯ ವಿಮಾನವೇ, ಆದರೆ ಅಲ್ಲಿ ಒಂದು ಬಿಡಿಭಾಗಕ್ಕೆ ಎರಡು ತಿಂಗಳು ಕಾದದ್ದೂ ಇದೆ.

ನನಗೆ ತುಂಬಾ ತಡವಾಗಿ ಅರ್ಥವಾದದ್ದು ಇನ್ನೊಂದು ವಿಷಯ. ದಿನಾ ಬೆಳಗ್ಗೆ ಐದೂವರೆಗೆ ಯೂನಿಫಾರ್ಮ್ ಹಾಕಿಕೊಂಡು ಡಿಸ್ಪ್ಯಾಚ್ ರೂಮಿನ ಬೋರ್ಡ್ ಮುಂದೆ ನಿಲ್ಲುತ್ತಿದ್ದೆವು. ಯಾರ ಹೆಸರಿದೆಯೋ ಅವರು ಹಾರಬೇಕು. ಬೇರೆ ಶಾಲೆಯಿಂದ ಬಂದು ಹತ್ತು ಹದಿನೈದು ಗಂಟೆ ಮುಗಿಸಿಕೊಂಡು ಹೋಗುವವರು ಕೆಲವರಿದ್ದರು, ಅವರು ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುತ್ತಿದ್ದರು. ಬೋರ್ಡಿನಲ್ಲಿ ಅವರ ಹೆಸರೇ ಮೇಲೆ. ಯಾಕೆಂದರೆ ಅವರು ಹಾರಿದರೆ ಅವತ್ತೇ ದುಡ್ಡು ಬರುತ್ತದೆ, ನಾನು ಹಾರಿದರೆ ಪೆಟ್ರೋಲ್ ಖರ್ಚು ಮಾತ್ರ. ನಾನು ಕಟ್ಟಿದ ದುಡ್ಡು ಯಾವತ್ತೋ ಹಳೇ ಸಾಲಕ್ಕೆ, ಸಂಬಳಕ್ಕೆ ಹೋಗಿಯಾಗಿತ್ತು. ಮುಂಗಡ ಕಟ್ಟಿದವರು ಸಾಲಿನ ಕೊನೆಗೆ ಹೋಗುತ್ತಾರೆ. 'ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ' ಅಂತ ಅಪ್ಪ ಒಂದೇ ಸಲ ಅಂದರು. ಆಮೇಲೆ ಆ ಮಾತು ಎತ್ತಲಿಲ್ಲ.

16 ತಿಂಗಳಲ್ಲಿ ನಾನು ಹಾರಿದ್ದು 58 ಗಂಟೆ 40 ನಿಮಿಷ. ಗಂಟೆಗೆ 15 ಸಾವಿರ ಅಂತ ಅವರದ್ದೇ ರೇಟ್ ಹಿಡಿದರೂ 9 ಲಕ್ಷ ಆಗುವುದಿಲ್ಲ. ಉಳಿದದ್ದು ವಾಪಸ್ ಕೊಡಿ ಅಂದರೆ ಅಗ್ರಿಮೆಂಟಿನ ಕೊನೇ ಪುಟ ತೋರಿಸಿದರು. ಒಮ್ಮೆ ಕಟ್ಟಿದ ಫೀಸ್ ವಾಪಸ್ ಇಲ್ಲ ಅಂತ ಸಣ್ಣ ಅಕ್ಷರದಲ್ಲಿತ್ತು, ಕೆಳಗೆ ಅಪ್ಪನ ಸಹಿ. ರಸೀದಿ ತೆಗೆದು ನೋಡಿದರೆ ಅರ್ಧ ದುಡ್ಡು 'ಅಡ್ಮಿನಿಸ್ಟ್ರೇಷನ್ ಫೀ' ಅಂತ ಬೇರೊಂದು ಹೆಸರಿನ ಖಾತೆಗೆ ಹೋಗಿದೆ. ಗ್ರಾಹಕರ ಆಯೋಗದಲ್ಲಿ ಕೇಸ್ ಹಾಕಿದ್ದೇವೆ, ಇನ್ನೂ ನಡೆಯುತ್ತಿದೆ.

ಅಲ್ಲಿಂದ ಹೊರಗೆ ಬರುವಾಗ ಇನ್ನೊಂದು ಪೆಟ್ಟು. ಹಾರಿದ ಗಂಟೆಗಳು ಬೇರೆ ಶಾಲೆಯಲ್ಲಿ ಲೆಕ್ಕಕ್ಕೆ ಬರಬೇಕಾದರೆ ಲಾಗ್‌ಬುಕ್ಕಿಗೆ ಚೀಫ್ ಇನ್‌ಸ್ಟ್ರಕ್ಟರ್ ಸಹಿ ಬೇಕು. ಬಾಕಿ ಕಟ್ಟಿದರೆ ಸಹಿ ಅಂತ ಮೂರು ತಿಂಗಳು ಸತಾಯಿಸಿದರು. ದಯವಿಟ್ಟು ಪ್ರತಿ ತಿಂಗಳ ಕೊನೆಗೆ ಸಹಿ ಹಾಕಿಸಿಕೊಳ್ಳಿ, ಪ್ರತಿ ಪುಟದ ಫೋಟೋ ತೆಗೆದಿಡಿ. ಲೈಸೆನ್ಸಿಗೆ ಅರ್ಜಿ ಹಾಕುವಾಗ ಆ 200 ಗಂಟೆ ಹಿಂದಿನ 5 ವರ್ಷದೊಳಗಿನದ್ದೇ ಆಗಿರಬೇಕು ಅನ್ನುವುದು ನಿಯಮ. ನಾನೀಗ ಇನ್ನೊಂದು ಶಾಲೆಯಲ್ಲಿ ಹತ್ತು ಗಂಟೆಗೆ ಕಟ್ಟುತ್ತೇನೆ, ಹಾರುತ್ತೇನೆ, ಮತ್ತೆ ಕಟ್ಟುತ್ತೇನೆ. ಒಂದೂವರೆ ವರ್ಷ ಕಾಲ್ ಸೆಂಟರಿನಲ್ಲಿ ದುಡಿದ ದುಡ್ಡು, ಅಮ್ಮನ ಬಳೆ ಅಡ ಇಟ್ಟ ದುಡ್ಡು. 131 ಗಂಟೆ ಆಗಿದೆ. ಮುಂದಿನ ವರ್ಷದ ಕೊನೆಗೆ ನನ್ನ ಮೊದಲ ಗಂಟೆಗಳು ಒಂದೊಂದಾಗಿ ಲೆಕ್ಕದಿಂದ ಬಿದ್ದುಹೋಗುತ್ತವೆ, ಅಷ್ಟರೊಳಗೆ ಮುಗಿಸಬೇಕು.

ಆಂಟಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಶಾಲೆಗೆ ಒಂದು ರೂಪಾಯಿ ಕೊಡುವ ಮುಂಚೆ ಮೆಡಿಕಲ್ ಮಾಡಿಸಿ. ಪೈಲಟ್‌ಗಳ ದೇಹ ತಪಾಸಣೆಯಲ್ಲಿ ಎರಡು ಹಂತ, ಮೊದಲು ಕ್ಲಾಸ್ 2, ಆಮೇಲೆ ಕ್ಲಾಸ್ 1. ನಮಗೆ ಹಳೇ ಏರ್‌ಪೋರ್ಟ್ ರಸ್ತೆಯಲ್ಲೇ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ನನ್ನ ಜೊತೆಗಿದ್ದ ಒಬ್ಬ ಹುಡುಗ 10 ಲಕ್ಷ ಕಟ್ಟಿದ ಮೇಲೆ ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ಫೇಲಾದ. ಡಿಜಿಸಿಎ (ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ನಡೆಸುವ ಪರೀಕ್ಷೆಯ ಪೇಪರುಗಳನ್ನೂ ಮನೆಯಲ್ಲೇ ಕೂತು ಓದಿ ಮುಗಿಸಿ. ನ್ಯಾವಿಗೇಷನ್, ಮೀಟಿಯರಾಲಜಿ, ರೆಗ್ಯುಲೇಷನ್ಸ್ ಎಲ್ಲದಕ್ಕೂ 70 ಪರ್ಸೆಂಟ್ ಬೇಕು, ಅದನ್ನು ಹಾಸ್ಟೆಲ್ ಬಾಡಿಗೆ ಕೊಟ್ಟುಕೊಂಡು ಓದಬೇಕಾಗಿಲ್ಲ. 2025ರಲ್ಲಿ ಡಿಜಿಸಿಎ ಮೊದಲ ಸಲ ಶಾಲೆಗಳಿಗೆ ರ‍್ಯಾಂಕ್ ಕೊಟ್ಟಿದೆ, ನಮ್ಮ ಕಾಲದಲ್ಲಿ ಅದೂ ಇರಲಿಲ್ಲ. ಆ ಪಟ್ಟಿ ನೋಡಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಹೇಳದೆ ಕೇಳದೆ ಹೋಗಿ ಎರಡು ಬೆಳಗ್ಗೆ ಗೇಟಿನ ಹತ್ತಿರ ನಿಂತು ಎಷ್ಟು ವಿಮಾನ ಮೇಲೆ ಹೋಗುತ್ತವೆ ಎಣಿಸಿ. ಟ್ರೈನಿಗಳನ್ನು ಹೊರಗಡೆ ಟೀ ಅಂಗಡಿಯಲ್ಲಿ ಮಾತಾಡಿಸಿ, ಕಳೆದ ತಿಂಗಳು ನೀವು ಎಷ್ಟು ಗಂಟೆ ಹಾರಿದಿರಿ ಅಂತಷ್ಟೇ ಕೇಳಿ. ಗಂಟೆ ಲೆಕ್ಕದಲ್ಲಿ ಕಟ್ಟುತ್ತೇವೆ ಅಂದಾಗ ಆಗಲ್ಲ ಅನ್ನುವ ಶಾಲೆ ಬೇಡ, ಎಷ್ಟೇ ರಿಯಾಯಿತಿ ಕೊಡಲಿ.

ಆಂಟಿ ಶನಿವಾರ ಕಟ್ಟುತ್ತಿಲ್ಲ. ಗುರುವಾರ ರಾತ್ರಿ ರೈಲಿಗೆ ಅಂಕಲ್, ಮಗ ಇಬ್ಬರೂ ಶಾಲೆ ನೋಡಲು ಹೊರಡುತ್ತಿದ್ದಾರೆ, ಜೊತೆಗೆ ನಮ್ಮಪ್ಪ. ಟೈರ್ ನೋಡ್ಕೊಂಡು ಬರ್ತೀನಿ ಅಂದಿದ್ದಾರೆ.