ಕಿಟ್, ವಿಡಿಯೊ, ಅಂಗಳ: ಪ್ರಾಥಮಿಕ ತರಗತಿಯ ವಿಜ್ಞಾನಕ್ಕೆ ಮೂರು ದಾರಿಗಳ ಹೋಲಿಕೆ

ಕೊಪ್ಪಳ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಐದನೇ ತರಗತಿಗೆ ಪರಿಸರ ಅಧ್ಯಯನವನ್ನೂ ಆರು ಮತ್ತು ಏಳನೇ ತರಗತಿಗಳಿಗೆ ವಿಜ್ಞಾನವನ್ನೂ ಬೋಧಿಸುವ ನಾನು, ಹಲವು ಪಾಠಗಳನ್ನು ಮೂರು ಬಗೆಯಲ್ಲಿ ನಡೆಸಿ ನೋಡಿದ್ದೇನೆ. ಪೆಟ್ಟಿಗೆಯಲ್ಲಿ ಬರುವ ಸಿದ್ಧ ವಿಜ್ಞಾನ ಕಿಟ್ ಒಂದು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದು ದೀಕ್ಷಾ ಜಾಲತಾಣದಿಂದ ತೆರೆಯುವ ವಿಡಿಯೊ ಇನ್ನೊಂದು. ಶಾಲೆಯ ಅಂಗಳ, ಹೊಲ, ಹಳ್ಳಗಳಲ್ಲಿ ಸಿಗುವ ವಸ್ತುಗಳು ಮೂರನೆಯದು. ಯಾವುದು ಮೇಲು ಎಂಬುದು ಪಾಠದಿಂದ ಪಾಠಕ್ಕೆ ಬದಲಾಗುತ್ತದೆ. ಗಂಟೆ ಬಾರಿಸಿದ ಮೇಲೂ ಮಗು ಅದೇ ಪರೀಕ್ಷೆಯನ್ನು ತಾನೇ ಮಾಡಿ ನೋಡಬಲ್ಲದೇ ಎಂಬುದೇ ನಾನು ಹಿಡಿದ ಅಳತೆ.

ಸೂರ್ಯ ಮತ್ತು ನೆರಳಿನ ಪಾಠವನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಮೂರರ ನಡುವಿನ ಅಂತರ ಇಲ್ಲಿ ಬಹಳ ಸ್ಪಷ್ಟ. ಕಿಟ್‌ನ ಗೋಳ ಮತ್ತು ಟಾರ್ಚ್ ಹಗಲು-ರಾತ್ರಿಯನ್ನು ಐದು ನಿಮಿಷದಲ್ಲಿ ಮನದಟ್ಟು ಮಾಡುತ್ತವೆ, ಆದರೆ ಗೋಳ ಒಂದೇ ಇರುವುದರಿಂದ ಹಿಂದಿನ ಸಾಲಿನವರಿಗೆ ಕಾಣುವುದು ಮುಂದಿನವರ ತಲೆಗಳು ಮಾತ್ರ. ವಿಡಿಯೊ ಎಲ್ಲರಿಗೂ ಕಾಣುತ್ತದೆ, ಭೂಮಿಯ ವಾಲಿದ ಅಕ್ಷವನ್ನು ಅಂದವಾಗಿ ತಿರುಗಿಸಿಯೂ ತೋರಿಸುತ್ತದೆ. ಅದು ಮುಗಿದ ಮೇಲೆ ಪ್ರಶ್ನೆ ಕೇಳುವವರು ಮಾತ್ರ ವಿರಳ. ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ, ನೆರಳಿನ ತುದಿಗೆ ಹರಳಿಟ್ಟು ಗುರುತು ಮಾಡುವ ಕ್ರಮಕ್ಕೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ಆದರೆ ಕೊಪ್ಪಳವು ಸುಮಾರು 15.35 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದು, ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕೆ ಇರುವುದರಿಂದ, ಆ ತಾಳ್ಮೆಗೆ ಇಲ್ಲಿ ಒಳ್ಳೆಯ ಪ್ರತಿಫಲವಿದೆ. ಶಾಲೆ ಆರಂಭವಾಗುವ ಜೂನ್ ತಿಂಗಳಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೆ, ಸುಮಾರು 14 ಸೆಂಟಿಮೀಟರ್‌ನಷ್ಟು ಮಾತ್ರ ಚಾಚಿರುತ್ತದೆ; ಡಿಸೆಂಬರ್ ಕೊನೆಯ ಹೊತ್ತಿಗೆ ಅದು ಉತ್ತರಕ್ಕೆ ತಿರುಗಿ ಸುಮಾರು 80 ಸೆಂಟಿಮೀಟರ್ ಆಗಿರುತ್ತದೆ. ನಡುವೆ, ಆಗಸ್ಟ್ ಎರಡನೇ ವಾರದ ಆಸುಪಾಸಿನಲ್ಲಿ, ಸೂರ್ಯ ನೆತ್ತಿಯ ಮೇಲೆಯೇ ಬಂದು ಕೋಲಿನ ನೆರಳು ಬುಡದಲ್ಲಿ ಅಡಗುವ ದಿನವೊಂದು ಬರುತ್ತದೆ. ಮೇ ಆರಂಭದಲ್ಲಿಯೂ ಅಂಥದೇ ದಿನವಿದೆ, ಆದರೆ ಅದು ಬೇಸಿಗೆ ರಜೆಯ ಪಾಲು. ಆಗಸ್ಟ್‌ನದಕ್ಕೆ ಮೋಡ ಅಡ್ಡ ಬರಬಹುದು.

ಅತಿ ಚಿಕ್ಕ ನೆರಳು ಸರಿಯಾಗಿ ಹನ್ನೆರಡು ಗಂಟೆಗೆ ಬರದೆ ಹನ್ನೆರಡೂವರೆಯ ಸುಮಾರಿಗೆ ಬರುವುದನ್ನು ಮಕ್ಕಳು ತಾವಾಗಿಯೇ ಗಮನಿಸುತ್ತಾರೆ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ, ಕೊಪ್ಪಳ ಇರುವುದು ಸುಮಾರು 76 ಡಿಗ್ರಿಯಲ್ಲಿ, ಆದ್ದರಿಂದ ಸೂರ್ಯ ನಮ್ಮಲ್ಲಿಗೆ ಇಪ್ಪತ್ತೈದು ನಿಮಿಷದಷ್ಟು ತಡವಾಗಿ ಬರುತ್ತಾನೆ ಎಂಬ ವಿವರಣೆಯನ್ನು ಏಳನೇ ತರಗತಿಯವರು ಲೆಕ್ಕ ಹಾಕಿಯೇ ಒಪ್ಪಿಕೊಳ್ಳುತ್ತಾರೆ. ಐದನೇ ತರಗತಿಗೆ ಅದು ಬೇಕಿಲ್ಲ. ಅವರು ಗಡಿಯಾರವೇ ತಪ್ಪು ಎಂದು ವಾದಿಸಲಿ, ಅಡ್ಡಿಯಿಲ್ಲ. ಹೀಗಾಗಿ ಈ ಪಾಠದಲ್ಲಿ ಕೋಲಿಗೆ ಮೊದಲ ಸ್ಥಾನ. ಗೋಳ ಮತ್ತು ವಿಡಿಯೊ ಉಪಯುಕ್ತವಾಗುವುದು, ನೆರಳು ದಿಕ್ಕು ಬದಲಿಸಿದ್ದನ್ನು ಕಂಡ ಮಕ್ಕಳು ಕಾರಣ ಕೇಳತೊಡಗಿದ ಮೇಲೆ.

ಅಯಸ್ಕಾಂತದ ಪಾಠದಲ್ಲಿ ಕಿಟ್ ಇನ್ನಷ್ಟು ಹಿಂದೆ ಬೀಳುತ್ತದೆ. ಅದರೊಳಗಿನ ದಂಡಕಾಂತಗಳು ಕೆಳಗೆ ಬಿದ್ದು ಬಿದ್ದು ಶಕ್ತಿ ಕಳೆದುಕೊಳ್ಳುತ್ತವೆ. ಹಾಳಾದ ಸ್ಪೀಕರ್‌ನಿಂದ ಬಿಚ್ಚಿದ ಉಂಗುರಾಕಾರದ ಅಯಸ್ಕಾಂತ ಅವಕ್ಕಿಂತ ಬಲವಾಗಿರುತ್ತದೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಳ್ಳದ ಒಣ ಉಸುಕಿನಲ್ಲಿ ಎಳೆದರೆ ಕಪ್ಪು ಕಣಗಳು ಗುಂಪಾಗಿ ಹತ್ತಿಕೊಳ್ಳುತ್ತವೆ. ಅವುಗಳಲ್ಲಿ ಹೆಚ್ಚಿನವು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್. ಇದು ಕಿಟ್‌ನ ಕಬ್ಬಿಣದ ಪುಡಿಯ ಕೆಲಸವನ್ನೂ ಮಾಡುತ್ತದೆ, ಖರ್ಚಾದರೆ ಹಳ್ಳದಲ್ಲಿ ಮತ್ತೆ ಸಿಗುತ್ತದೆ. ಗಿಣಿಗೇರಿ ಕಡೆಯ ಕಾರ್ಖಾನೆಗಳಿಗೆ ಅದಿರು ಸಾಗಿಸುವ ಲಾರಿಯಿಂದ ಬಿದ್ದ ಕೆಂಪು ಕಲ್ಲೊಂದನ್ನು ತಂದ ಹುಡುಗಿ, "ಸರ, ಇದು ಕಬ್ಬಿಣದ ಅದಿರ ಅಂತಾರ, ಮತ್ತ ಅಯಸ್ಕಾಂತಕ್ಕ ಯಾಕ ಹತ್ತವಲ್ದು?" ಎಂದು ಕೇಳಿದಳು. ಸಂಡೂರು ಭಾಗದ ಅದಿರು ಬಹುಪಾಲು ಹೆಮಟೈಟ್. ಅದರಲ್ಲಿ ಕಬ್ಬಿಣ ಹೇರಳವಾಗಿದ್ದರೂ ಸಾಮಾನ್ಯ ಅಯಸ್ಕಾಂತಕ್ಕೆ ಅದು ಎದ್ದುಬರುವುದಿಲ್ಲ. ಕಬ್ಬಿಣವಿದ್ದ ಮಾತ್ರಕ್ಕೆ ಅಂಟುತ್ತದೆಂಬ ಸರಳ ನಿಯಮವನ್ನು ಪ್ರಶ್ನಿಸುವ ಇಂಥ ಕಲ್ಲು ಯಾವ ಪೆಟ್ಟಿಗೆಯಲ್ಲಿಯೂ ಬಂದಿರಲಿಲ್ಲ.

ಬೀಜ ಮೊಳೆಯುವ ಪಾಠದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒದ್ದೆ ಬಟ್ಟೆ, ಮಣ್ಣು ತುಂಬಿದ ಡಬ್ಬಿ, ಮನೆಯಿಂದ ತಂದ ಜೋಳ, ಕಡಲೆ, ಹೆಸರು ಸಾಕು. ಹೆಸರುಕಾಳಿನ ಬೀಜದಳಗಳು ಮಣ್ಣಿನ ಮೇಲೆ ಬರುತ್ತವೆ, ಕಡಲೆಯವು ಒಳಗೇ ಉಳಿಯುತ್ತವೆ ಎಂಬುದನ್ನು ರೈತರ ಮಕ್ಕಳು ನನಗಿಂತ ಮೊದಲೇ ಹೇಳುತ್ತಾರೆ.

ವಿದ್ಯುತ್ ಮಂಡಲದ ಪಾಠದಲ್ಲಿ ಮಾತ್ರ ಕಿಟ್‌ಗೇ ನನ್ನ ಮತ. ಹಳೆಯ ಸೆಲ್ಲು, ತುಕ್ಕು ಹಿಡಿದ ತಂತಿಗಳಿಂದ ಕಟ್ಟಿದ ಮಂಡಲದಲ್ಲಿ ಬಲ್ಬು ಉರಿಯದಿದ್ದಾಗ, ಜೋಡಣೆ ಸರಿಯಿದ್ದೂ ತನ್ನದೇ ತಪ್ಪೆಂದು ಮಗು ಭಾವಿಸುತ್ತದೆ. ಹೋಲ್ಡರ್, ಸ್ವಿಚ್, ಹೊಸ ಸೆಲ್ ಇರುವ ಕಿಟ್‌ನಲ್ಲಿ ಆ ಗೊಂದಲವಿಲ್ಲ, ಮನೆಯ ಪ್ಲಗ್ಗಿನ ಕಡೆಗೆ ಕೈ ಹೋಗುವ ಅಪಾಯವೂ ಕಡಿಮೆ. ಸೂಕ್ಷ್ಮಜೀವಿಗಳು, ಜೀರ್ಣಾಂಗಗಳು, ಗ್ರಹಗಳ ಚಲನೆ ಮುಂತಾದ ಕೈಗೆ ಸಿಗದ ವಿಷಯಗಳಲ್ಲಿ ವಿಡಿಯೊಗೆ ಸಾಟಿಯಿಲ್ಲ. ನೆಟ್‌ವರ್ಕ್ ಮತ್ತು ಕರೆಂಟು ಕೈಕೊಡುವುದರಿಂದ ಅದನ್ನು ಹಿಂದಿನ ದಿನವೇ ಮೊಬೈಲ್‌ಗೆ ಇಳಿಸಿಕೊಂಡಿರಬೇಕು, ಮತ್ತು ಉತ್ತರ ಬರುವ ಮುಂಚೆ ತಡೆದು ನಿಲ್ಲಿಸಿ ಮಕ್ಕಳ ಊಹೆಯನ್ನು ಕರಿಹಲಗೆಯ ಮೇಲೆ ಬರೆದುಕೊಳ್ಳಬೇಕು.

ಮಕ್ಕಳೇ ಪ್ರಯೋಗ ಮಾಡಿ ಕಲಿಯಬೇಕೆಂಬ ವಿಚಾರ ನಮ್ಮ ದೇಶದ ಹಳ್ಳಿ ಶಾಲೆಗಳಿಗೆ ಹೊಸದಲ್ಲ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಆರಂಭವಾದ ಕಾರ್ಯಕ್ರಮವು ಇದೇ ನೆಲೆಯಲ್ಲಿ ಬೆಳೆದು 2002ರವರೆಗೆ ನಡೆಯಿತು. ನಮ್ಮಲ್ಲಿ ಕಿಟ್ ಒಮ್ಮೆ ಬಂದರೆ ಅದರ ಖಾಲಿಯಾದ ಸಾಮಗ್ರಿಯನ್ನು ಮತ್ತೆ ತುಂಬುವವರಿಲ್ಲದಿರುವುದೇ ದೊಡ್ಡ ಕೊರತೆ. ಆದ್ದರಿಂದ ಶಾಲಾ ಅನುದಾನದಲ್ಲಿ ಸ್ವಲ್ಪ ಹಣ ಉಳಿದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಅಭಿಪ್ರಾಯ ಕೇಳಿದರೆ, ಇನ್ನೊಂದು ಪೂರ್ಣ ಪೆಟ್ಟಿಗೆಯ ಬದಲು ಗುಂಪಿಗೊಂದರಂತೆ ಸೆಲ್, ಬಲ್ಬು, ಹೋಲ್ಡರ್ ಮತ್ತು ತಂತಿಗಳನ್ನು ಬಿಡಿಯಾಗಿ ಕೊಳ್ಳಬೇಕೆಂದು ಹೇಳುತ್ತೇನೆ.